ದೊಡ್ಡ ಟ್ಯಾಂಕ್ ಹಾಕಿದ ಮೇಲೆ ಡೀಸೆಲ್ ಪಿಕಪ್ ನಿಲ್ಲುತ್ತಿದೆಯೇ? ಎಂಜಿನ್ ಬಿಚ್ಚುವ ಮೊದಲು ಇಷ್ಟು ನೋಡಿ

ನನ್ನ ಡೀಸೆಲ್ ಪಿಕಪ್ಪಿಗೆ ಕಂಪನಿಯಿಂದ ಬಂದದ್ದು 76 ಲೀಟರ್ ಟ್ಯಾಂಕ್. ಅದನ್ನು ಇಳಿಸಿ 140 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಏರಿಸಿದೆ. ಮೂರನೇ ವಾರ ಒಂದು ಏರಿನಲ್ಲಿ ಗಾಡಿ ಎರಡು ಸಲ ಜಗ್ಗಿತು, ಆಮೇಲೆ ತಣ್ಣಗೆ ನಿಂತಿತು. ಮುಳ್ಳು ಕಾಲು ಭಾಗದ ಹತ್ತಿರ ಇತ್ತು. ಡೀಸೆಲ್ ಇದೆ, ಬ್ಯಾಟರಿ ಇದೆ, ಸೆಲ್ಫ್ ಗರ್ರನೆ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಗ್ಯಾರೇಜಿಗೆ ಎಳೆಸಿಕೊಂಡು ಹೋದರೆ ಮೊದಲ ಮಾತೇ "ಇಂಜೆಕ್ಟರ್ ಹೋಗಿರಬೇಕು". ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಆ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಪರೀಕ್ಷೆಗೆ ಕಳಿಸಿದರು. ನಾಲ್ಕೂ ಚೆನ್ನಾಗಿದ್ದವು. ಕೊನೆಗೆ ನಾನೇ ಟ್ಯಾಂಕ್ ಬಸಿದು ಅಳೆದೆ. ಸಿಕ್ಕಿದ್ದು 33 ಲೀಟರ್. ಹೊಟ್ಟೆಯಲ್ಲಿ 33 ಲೀಟರ್ ಇಟ್ಟುಕೊಂಡೇ ಗಾಡಿ ಹಸಿದು ನಿಂತಿತ್ತು.

ನಿನ್ನೆವರೆಗೆ ಚೆನ್ನಾಗಿದ್ದ ಎಂಜಿನ್ ಟ್ಯಾಂಕ್ ಬದಲಿಸಿದ ಮೇಲೆ ಕೈಕೊಟ್ಟರೆ, ನಾವು ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು ಅಲ್ವಾ? ಆದರೆ ಟ್ಯಾಂಕ್ ಅಂದರೆ ಬರೀ ಡಬ್ಬ, ಅದರಲ್ಲಿ ಕೆಡೋಕೆ ಏನಿದೆ ಅನ್ನುವ ನಂಬಿಕೆ ನಮ್ಮದು. ಅದು ಉಸಿರಾಡುವ ಡಬ್ಬ. ಒಂದು ಲೀಟರ್ ಡೀಸೆಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ತುಂಬಿಸುವಾಗ ಅಷ್ಟೇ ಗಾಳಿ ಹೊರಗೆ ಹೋಗಬೇಕು. ಎಂಜಿನ್ ಕಡೆ ಹೋಗುವ ಪೈಪಿನಲ್ಲಿ ಮಾತ್ರ ಗಾಳಿ ಸೇರಬಾರದು. ದೊಡ್ಡ ಟ್ಯಾಂಕಿನ ಮೇಲೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು ಈ ಗಾಳಿಯದ್ದೇ. ಬೇಕಾದ ಕಡೆ ಅದು ಇರುವುದಿಲ್ಲ, ಬೇಡದ ಕಡೆ ಇರುತ್ತದೆ. ಮೀಟರಿನ ತೊಂದರೆ ಬೇರೆ ಜಾತಿ, ಅದು ಕೊನೆಗೆ.

ಶುರು ಮಾಡುವ ಮೊದಲು ಒಂದು ಮಾತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಗಟ್ಟಿ ಕೊಳವೆಯಿಂದ, ಅಂದರೆ ರೈಲಿನಿಂದ, ಡೀಸೆಲ್ ಹೋಗುವ ಎಂಜಿನ್) ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನಲ್ಲಿ 1,600 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಕೆಲವದರಲ್ಲಿ 2,000 ಬಾರಿಗೂ ಮೇಲೆ ಒತ್ತಡ ಇರುತ್ತದೆ. ಹಳೇ ಗಾಡಿಯ ಅಭ್ಯಾಸದಲ್ಲಿ ಎಂಜಿನ್ ಓಡುವಾಗ ಆ ಪೈಪಿನ ನಟ್ ಸಡಿಲಿಸಿ ಏರ್ (ಒಳಗೆ ಸೇರಿದ ಗಾಳಿ) ತೆಗೆಯಲು ಹೋಗಬೇಡಿ. ಚಿಮ್ಮುವ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಕೆಳಗೆ ಹೇಳುವ ಪರೀಕ್ಷೆಗಳೆಲ್ಲ ಕಡಿಮೆ ಒತ್ತಡದ ಕಡೆಯವು. ಅಂದರೆ ಟ್ಯಾಂಕಿನಿಂದ ಫಿಲ್ಟರಿನವರೆಗೆ.

ಯಾವಾಗ ನಿಲ್ಲುತ್ತದೆ?

"ಏನಾಗ್ತಿದೆ" ಅನ್ನುವುದಕ್ಕಿಂತ "ಯಾವಾಗ ಆಗ್ತಿದೆ" ಅನ್ನುವುದು ಮುಖ್ಯ. ಒಂದು ಚೀಟಿಯಲ್ಲಿ ಬರೆದಿಡಿ. ಟ್ಯಾಂಕ್ ತುಂಬಿತ್ತಾ, ಅರ್ಧ ಇತ್ತಾ, ಕಾಲು ಇತ್ತಾ? ಏರೋ, ತಿರುವೋ, ಸಮತಟ್ಟೋ? ಹೊರಟು ಎಷ್ಟು ಹೊತ್ತಾಗಿತ್ತು? ಹತ್ತು ನಿಮಿಷ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದಾ?

ಫುಲ್ ಟ್ಯಾಂಕ್ ಮಾಡಿಸಿ ಒಂದು ಗಂಟೆ ಓಡಿದ ಮೇಲೆ ಎಳೆತ ಕಡಿಮೆಯಾಗಿ, ನಿಲ್ಲಿಸಿ ಕಾದರೆ ಸರಿಹೋಗುವುದು ಒಂದು ಕತೆ. ಕಾಲು ಭಾಗಕ್ಕೆ ಇಳಿದಾಗ, ಅದೂ ಏರಿನಲ್ಲಿ ಅಥವಾ ತಿರುವಿನಲ್ಲಿ ಮಾತ್ರ ಜಗ್ಗುವುದು ಇನ್ನೊಂದು ಕತೆ. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ಸ್ಟಾರ್ಟ್ ಆಗದೆ, ಒಮ್ಮೆ ಹಿಡಿದ ಮೇಲೆ ದಿನವಿಡೀ ಚೆನ್ನಾಗಿ ಓಡುವುದು ಮೂರನೆಯದು. ಮೂರೂ ಬೇರೆ ಬೇರೆ ದೋಷ. ಗ್ಯಾರೇಜಿನಲ್ಲಿ ಮೂರಕ್ಕೂ "ಪಿಕಪ್ ಇಲ್ಲ ಸಾರ್" ಅಂತ ಒಂದೇ ಹೆಸರು. ಪಿಕಪ್ ಗಾಡಿಗೇ ಪಿಕಪ್ ಇಲ್ಲ ಅಂದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಹಾಕಿ ನೋಡಿ, ಆದರೆ ಅದರ ಮಾತನ್ನು ಪೂರ್ತಿ ನಂಬಬೇಡಿ. ಪಿ0087 ಅಂದರೆ ರೈಲಿನಲ್ಲಿ ಒತ್ತಡ ಸಾಲದು ಅಂತ ಅಷ್ಟೇ ಅರ್ಥ. ರೈಲಿಗೆ ಡೀಸೆಲ್ ಒತ್ತುವ ಹೈ ಪ್ರೆಶರ್ ಪಂಪ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಪಂಪಿಗೆ ಡೀಸೆಲ್ ಬದಲು ನೊರೆ ಬಂದರೂ ಅದೇ ಕೋಡ್ ಬರುತ್ತದೆ. ನನಗೆ ಬಂದಿದ್ದೂ ಅದೇ. ಅದನ್ನು ನೋಡಿಯೇ ಇಂಜೆಕ್ಟರ್ ಬಿಚ್ಚಿಸಿಕೊಂಡಿದ್ದು.

ಮೊದಲು ಮುಚ್ಚಳ ತೆಗೆಯಿರಿ

ಖರ್ಚಿಲ್ಲದ ಪರೀಕ್ಷೆ ಇದು. ಎಳೆತ ಕಡಿಮೆಯಾಯಿತು ಅನ್ನಿಸಿದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ನಿಧಾನವಾಗಿ ತಿರುಗಿಸಿ. "ಉಸ್ಸ್" ಅಂತ ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ ಹಾಗೆ. ಟ್ಯಾಂಕಿಗೆ ಉಸಿರು ಕಟ್ಟಿದೆ. ಡೀಸೆಲ್ ಎಳೆದುಕೊಂಡಷ್ಟೂ ಒಳಗೆ ನಿರ್ವಾತ ಜಾಸ್ತಿಯಾಗುತ್ತದೆ. ಕೊನೆಗೆ ಪಂಪಿಗೆ ಎಳೆಯಲು ಆಗುವುದಿಲ್ಲ. ಗಾಡಿ ನಿಲ್ಲಿಸಿ ಕಾದರೆ ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಗಾಳಿ ಸೇರಿಕೊಂಡು ಸರಿಹೋಗುತ್ತದೆ. ಅದಕ್ಕೇ ಹತ್ತು ನಿಮಿಷದ ಈ ಮ್ಯಾಜಿಕ್. ಕೆಳಗೆ ಬಗ್ಗಿ ನೋಡಿದರೆ ಪ್ಲಾಸ್ಟಿಕ್ ಟ್ಯಾಂಕಿನ ಪಕ್ಕ ಒಳಗೆ ಸೆಳೆದುಕೊಂಡಿರುವುದೂ ಕೆಲವೊಮ್ಮೆ ಕಾಣುತ್ತದೆ.

ನನ್ನ ಗಾಡಿಯಲ್ಲಿ ಇದೂ ಇತ್ತು. ದೋಷ ಒಂದೇ ಇರಬೇಕು ಅಂತ ಯಾವ ನಿಯಮವೂ ಇಲ್ಲ, ನೋಡಿ. ಟ್ಯಾಂಕಿನ ಮೇಲೆ ಗಾಳಿ ಆಡುವ ವೆಂಟ್ ವಾಲ್ವಿನಿಂದ ಒಂದು ಸಣ್ಣ ರಬ್ಬರ್ ಪೈಪ್ ಹೊರಟು ಚಾಸಿಯ ಪಕ್ಕ ಮೇಲಕ್ಕೆ ಹೋಗಬೇಕು. ಹೊಸ ಟ್ಯಾಂಕ್ ಎತ್ತರ ಜಾಸ್ತಿ, ಮೇಲೆ ಜಾಗ ಕಡಿಮೆ. ಜೋಡಿಸುವಾಗ ಪೈಪ್ ಉದ್ದ ಆಯಿತು ಅಂತ ಬಳಸಿ ಕಟ್ಟಿದ್ದೆ. ಬಳಸಿದ ಕಡೆ ಅದು ಬಟ್ಟಲಿನ ಹಾಗೆ ಕೆಳಗೆ ಜೋತಿತ್ತು. ಫುಲ್ ಟ್ಯಾಂಕ್ ಮಾಡಿಸಿದಾಗ ತುಳುಕಿದ ಡೀಸೆಲ್ ಅಲ್ಲಿ ನಿಂತುಬಿಡುತ್ತಿತ್ತು. ಅಂಗೈ ಅಗಲದ ಜೋಲಿನಲ್ಲಿ ನಿಂತ ಎರಡು ಚಮಚ ಡೀಸೆಲ್, ಇಡೀ ಟ್ಯಾಂಕಿಗೆ ಬಿರಡೆ. ಪೈಪ್ ಬಿಚ್ಚಿ ಬಾಯಿಂದ ಊದಿದಾಗ ಗುಳುಗುಳು ಸದ್ದು ಬಂತು. ಬಿಚ್ಚಿದ ತುದಿಯಿಂದ ತೊಟ್ಟಿಕ್ಕಿತು. ಪೈಪ್ ಕತ್ತರಿಸಿ, ಎಲ್ಲೂ ಕೆಳಗೆ ಇಳಿಯದ ಹಾಗೆ ಒಂದೇ ಸಮ ಏರಿನಲ್ಲಿ ಕಟ್ಟಿದೆ. ಉಸ್ಸ್ ಅನ್ನುವುದು ನಿಂತಿತು.

ನೀವು ನೋಡಬೇಕಾದದ್ದು ಇವು. ಟ್ಯಾಂಕಿಗೂ ಚಾಸಿಗೂ ನಡುವೆ ವೆಂಟ್ ಪೈಪ್ ಚಪ್ಪಟೆಯಾಗಿದೆಯೇ, ಎಲ್ಲಾದರೂ ಮಡಚಿದೆಯೇ? ಗಾಡಿ ಮಗುಚಿದಾಗ ಡೀಸೆಲ್ ಚೆಲ್ಲದಿರಲಿ ಅಂತ ವೆಂಟಿನಲ್ಲಿ ಒಂದು ಗುಂಡು ಇರುತ್ತದೆ, ಅದು ಅಂಟಿಕೊಂಡಿದೆಯೇ? ಹೊರಗಿನ ತುದಿಯಲ್ಲಿ ಕೆಸರು ಅಥವಾ ಹುಳದ ಗೂಡು ಇದೆಯೇ? ಮುಚ್ಚಳ ಬದಲಿಸಿದ್ದೀರಾ? ಕೆಲವು ಮುಚ್ಚಳಗಳಲ್ಲೇ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಎರಡೂ ನೋಡಲು ಒಂದೇ ಥರ.

ಮುಚ್ಚಳ ಸಡಿಲ ಬಿಟ್ಟು ಓಡಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಅದನ್ನೇ ಪರಿಹಾರ ಮಾಡಿಕೊಳ್ಳುತ್ತಾರೆ. ಪರೀಕ್ಷೆಗೆ ಸ್ವಲ್ಪ ದೂರ ಸರಿ. ಹಾಗೇ ಬಿಟ್ಟರೆ ಧೂಳು, ನೀರು ಎಲ್ಲ ಟ್ಯಾಂಕಿಗೆ ಸೇರುತ್ತದೆ.

ಡೀಸೆಲ್ ಇದ್ದೂ ಸಿಗದಿರುವುದು

ಮುಚ್ಚಳ ತೆಗೆದರೂ ಸದ್ದಿಲ್ಲ, ತೊಂದರೆ ಹೋಗಿಲ್ಲ, ಅದೂ ಡೀಸೆಲ್ ಕಡಿಮೆ ಇದ್ದಾಗ ಮಾತ್ರ ಬರುತ್ತದೆ ಅಂದರೆ ಎಳೆಯುವ ಪೈಪಿನ ತುದಿ ಗಾಳಿಯಲ್ಲಿ ನಿಂತಿದೆ ಅಂತ ಅರ್ಥ. ನನ್ನ ದೊಡ್ಡ ತಲೆನೋವು ಇದೇ ಆಗಿತ್ತು.

ಏನಾಗಿತ್ತು ಅಂದರೆ, ಪ್ಲಾಸ್ಟಿಕ್ ಟ್ಯಾಂಕ್ ಡೀಸೆಲ್ಲಿನ ಭಾರಕ್ಕೆ ಸ್ವಲ್ಪ ಜೋಲುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ ಅಂತ ಹಿಡಿದರೆ 140 ಲೀಟರಿಗೆ 118 ಕಿಲೋ ಆಯಿತು. ಟ್ಯಾಂಕನ್ನು ಹೊತ್ತು ಹಿಡಿಯುವ ಎರಡು ಪಟ್ಟಿಗಳ ನಡುವೆ ಆಧಾರವಿಲ್ಲದ ತಳ ಕೆಳಗೆ ಇಳಿದಿತ್ತು, ಖಾಲಿಯಾದ ಮೇಲೂ ಪೂರ್ತಿ ಮೇಲೆ ಬಂದಿರಲಿಲ್ಲ. ಪೈಪ್ ಮಾತ್ರ ಟ್ಯಾಂಕಿನ ಮೇಲ್ಭಾಗಕ್ಕೆ ಕಟ್ಟಿದ್ದು, ಅದು ತಳದ ಹಿಂದೆ ಹೋಗುವುದಿಲ್ಲ. ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಸೆಂಡರ್ ಕೂರುವ ತೂತಿನಿಂದ ಒಂದು ತೆಳ್ಳನೆ ಕಡ್ಡಿ ಇಳಿಸಿ, ಪೈಪಿನ ಉದ್ದದ ಜೊತೆ ಇಟ್ಟು ನೋಡಿದೆ. ಪೈಪಿನ ತುದಿಗೂ ತಳಕ್ಕೂ 4 ಸೆಂಟಿಮೀಟರ್ ಅಂತರ. ಇರಬೇಕಾದದ್ದು ಒಂದು ಸೆಂಟಿಮೀಟರ್ ಆಸುಪಾಸು.

4 ಸೆಂಟಿ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ನನ್ನ ಟ್ಯಾಂಕ್ 120 ಸೆಂಟಿ ಉದ್ದ, 34 ಸೆಂಟಿ ಅಗಲ. 33 ಲೀಟರ್ ಡೀಸೆಲ್ ಅದರಲ್ಲಿ ಸಮತಟ್ಟಾಗಿ ನಿಂತರೆ ಬರೀ 8 ಸೆಂಟಿ ಆಳ. ಈಗ ಗಾಡಿ ನೂರಕ್ಕೆ 8ರ ಏರು ಹತ್ತುತ್ತಿದೆ ಅನ್ನಿ. ಟ್ಯಾಂಕಿನ ಹಿಂದಿನ ತುದಿ ಮುಂದಿನದಕ್ಕಿಂತ ಸುಮಾರು 10 ಸೆಂಟಿ ಕೆಳಗೆ ಹೋಗುತ್ತದೆ. ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ಮುಂದಿನ ತುದಿಯಲ್ಲಿ ಉಳಿಯುವುದು 3 ಸೆಂಟಿ ಚಿಲ್ಲರೆ. ನನ್ನ ಪೈಪ್ ಇದ್ದದ್ದು ಮುಂದೆ, ತಳದಿಂದ 4 ಸೆಂಟಿ ಮೇಲೆ. ಸಮತಟ್ಟಿನಲ್ಲಿ ಡೀಸೆಲ್ ಕುಡಿಯುತ್ತಿದ್ದ ಪೈಪ್ ಏರಿನಲ್ಲಿ ಗಾಳಿ ಕುಡಿಯಿತು. ಇಂಜೆಕ್ಟರ್ ಪಾಪ ಏನು ಮಾಡೀತು?

ಕಂಪನಿಯ ಟ್ಯಾಂಕಿನಲ್ಲಿ ಇದಕ್ಕೆ ಉಪಾಯ ಇರುತ್ತದೆ. ಎಳೆಯುವ ಪೈಪ್ ಒಂದು ಪ್ಲಾಸ್ಟಿಕ್ ಬಟ್ಟಲಿನ ಒಳಗೆ ಕೂತಿರುತ್ತದೆ. ಸಾಮಾನ್ಯವಾಗಿ ಎಂಜಿನ್ನಿನಿಂದ ವಾಪಸ್ ಬರುವ ಡೀಸೆಲ್ಲೂ ಆ ಬಟ್ಟಲಿಗೇ ಬೀಳುತ್ತದೆ. ಕಾಮನ್ ರೈಲ್ ಎಂಜಿನ್ ತಾನು ಸುಡುವುದಕ್ಕಿಂತ ಜಾಸ್ತಿ ಎಳೆದು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಡೀಸೆಲ್ ಅತ್ತಿತ್ತ ಸರಿದರೂ ಬಟ್ಟಲು ಬೇಗ ಬರಿದಾಗುವುದಿಲ್ಲ. ಆ ಬಟ್ಟಲನ್ನು ಸ್ಪ್ರಿಂಗ್ ತಳಕ್ಕೆ ಒತ್ತಿ ಹಿಡಿದಿರುತ್ತದೆ. ಬಟ್ಟಲು, ಪೈಪ್ ಎಲ್ಲ ಒಟ್ಟಿಗಿರುವ ಈ ಹಳೇ ಮಾಡ್ಯೂಲನ್ನೇ ಹೊಸ ಟ್ಯಾಂಕಿಗೆ ಹಾಕಿದಾಗ ಹೊಸದರ ಆಳ ಜಾಸ್ತಿ ಇದ್ದರೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡರೂ ಬಟ್ಟಲು ತಳ ಮುಟ್ಟುವುದಿಲ್ಲ. ಬಟ್ಟಲನ್ನೇ ಬಿಟ್ಟು ಬರೀ ಪೈಪ್ ಇಳಿಸಿದ್ದರೆ, ಅದೂ ಒಳಗೆ ತಡೆಗೋಡೆ ಇಲ್ಲದ ಟ್ಯಾಂಕಿನಲ್ಲಿ, ಏರು ತಿರುವಿನಲ್ಲಿ ಜಗ್ಗದಿದ್ದರೇ ಆಶ್ಚರ್ಯ.

ಆ ವಾಪಸ್ ಡೀಸೆಲ್ ತರುವ ರಿಟರ್ನ್ ಪೈಪ್ ಎಲ್ಲಿಗೆ ಬಂದು ಬೀಳುತ್ತದೆ ಅನ್ನುವುದನ್ನೂ ನೋಡಿ. ಟ್ಯಾಂಕಿನ ಮೇಲಿಂದ ಸುರಿಯುವ ಹಾಗೆ ಬಿಟ್ಟಿದ್ದರೆ ಅದು ಡೀಸೆಲ್ಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಪಕ್ಕದಲ್ಲೇ ಎಳೆಯುವ ಪೈಪ್ ಇದ್ದರೆ ಆ ನೊರೆ ನೇರ ಎಂಜಿನ್ನಿಗೆ ಹೋಗುತ್ತದೆ. ಬಟ್ಟಲು ಇಲ್ಲದಿದ್ದರೆ ರಿಟರ್ನ್ ತುದಿ ಡೀಸೆಲ್ಲಿನ ಒಳಗೆ ಮುಳುಗಿರಲಿ, ಎಳೆಯುವ ಪೈಪಿನಿಂದ ದೂರ ಇರಲಿ.

ಇನ್ನೊಂದು ತಮಾಷೆ ಇದೆ. ಎರಡೂ ಪೈಪಿನ ಅಳತೆ ಒಂದೇ ಇದ್ದರೆ ಅದಲು ಬದಲಾಗುವುದು ಸುಲಭ. ಟ್ಯಾಂಕ್ ತುಂಬಿದಾಗ ಗಾಡಿ ಚೆನ್ನಾಗೇ ಓಡುತ್ತದೆ. ಗಿಡ್ಡ ಇರುವ ರಿಟರ್ನ್ ಪೈಪಿನ ಮಟ್ಟಕ್ಕೆ ಡೀಸೆಲ್ ಇಳಿದ ಕೂಡಲೇ ನಿಲ್ಲುತ್ತದೆ. ಪ್ರತಿ ಸಲ ಒಂದೇ ಮಟ್ಟಕ್ಕೆ, ಏರೂ ಬೇಡ ತಿರುವೂ ಬೇಡ ಅನ್ನುವ ಹಾಗೆ ನಿಂತರೆ ಮೊದಲು ಇದನ್ನು ಅನುಮಾನಿಸಿ.

ಹೀಗಾದಾಗೆಲ್ಲ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಹೈ ಪ್ರೆಶರ್ ಪಂಪಿನ ಒಳಗೆ ಎಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ. ಒಣಗಿ ತಿರುಗಿದರೆ ಪಂಪ್ ತಿಂದು ಹೋಗುತ್ತದೆ, ಆಗ ನಿಜಕ್ಕೂ ಇಂಜೆಕ್ಟರ್ ಬಿಚ್ಚುವ ಕಾಲ ಬರುತ್ತದೆ. ಪೈಪಿನ ಗಾಳಿ ತೆಗೆಯುವ ಹ್ಯಾಂಡ್ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಎಲೆಕ್ಟ್ರಿಕ್ ಪಂಪ್ ಇದ್ದರೆ ಕೀ ನಾಲ್ಕೈದು ಸಲ ಆನ್ ಮಾಡಿ ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ.

ನಾನು ಮಾಡಿದ ರಿಪೇರಿ ಹೀಗೆ: ಪಟ್ಟಿಗಳ ನಡುವೆ ತಳಕ್ಕೆ ರಬ್ಬರ್ ಹಾಸಿದ ಒಂದು ತಗಡಿನ ಆಧಾರ ಕೊಟ್ಟೆ. ಪೈಪ್ ಉದ್ದ ಮಾಡಿ, ತುದಿಯನ್ನು ಓರೆಯಾಗಿ ಕತ್ತರಿಸಿದೆ. ನೇರ ಕತ್ತರಿಸಿದ ತುದಿ ತಳಕ್ಕೆ ಒತ್ತಿಕೊಂಡರೆ ಅದೂ ಬಿರಡೆಯೇ. ಸುತ್ತ ಬಟ್ಟಲು ಕೂರಿಸಿ ರಿಟರ್ನ್ ಅದರೊಳಗೆ ಬಿಟ್ಟೆ. ಅಂತರವನ್ನು ಟ್ಯಾಂಕ್ ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ಅಳೆದೆ. ಮೊದಲ ಸಲ ಖಾಲಿ ಟ್ಯಾಂಕನ್ನು ನೆಲದ ಮೇಲಿಟ್ಟು ಅಳೆದದ್ದೇ ನನ್ನ ತಪ್ಪು.

ಟ್ಯಾಂಕೋ ಎಂಜಿನ್ನೋ? ಕ್ಯಾನ್ ಹೇಳುತ್ತದೆ

ಇನ್ನೂ ಗೊಂದಲ ಇದೆಯೇ? ಹಾಗಾದರೆ ಟ್ಯಾಂಕನ್ನೇ ಬಿಟ್ಟುಬಿಡಿ. 20 ಲೀಟರಿನ ಚೊಕ್ಕ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ. ಟ್ಯಾಂಕಿನಿಂದ ಬರುವ ಪೈಪನ್ನೂ ರಿಟರ್ನ್ ಪೈಪನ್ನೂ ಟ್ಯಾಂಕಿನ ಬಳಿ ಬಿಚ್ಚಿ, ಎರಡನ್ನೂ ಡೀಸೆಲ್ ಪೈಪಿನ ತುಂಡುಗಳಿಂದ ಕ್ಯಾನಿನೊಳಗೆ ಇಳಿಸಿ. ಏರ್ ತೆಗೆದು ಸ್ಟಾರ್ಟ್ ಮಾಡಿ, ನಿಂತಲ್ಲೇ ರೇಸ್ ಕೊಟ್ಟು ನೋಡಿ. ಕ್ಯಾನ್ ಸೈಲೆನ್ಸರಿನಿಂದ ದೂರ ಇರಲಿ. ಕ್ಯಾನಿನಲ್ಲಿ ಚೆನ್ನಾಗಿ ಓಡಿ ಟ್ಯಾಂಕಿನಲ್ಲಿ ಕೆಟ್ಟರೆ ತಪ್ಪು ಟ್ಯಾಂಕಿನದ್ದು. ಎರಡರಲ್ಲೂ ಒಂದೇ ಥರ ಕೆಟ್ಟರೆ ಆಮೇಲೆ ಫಿಲ್ಟರ್, ಪಂಪ್ ಕಡೆ ಹೋಗಿ. ನಾನು ಇದನ್ನು ಮೊದಲ ದಿನವೇ ಮಾಡಿದ್ದರೆ ಇಂಜೆಕ್ಟರ್ ಕತೆಯೇ ಇರುತ್ತಿರಲಿಲ್ಲ.

ಟ್ಯಾಂಕಿನ ಒಳಗೇ ಪಂಪ್ ಇರುವ ಗಾಡಿಗೆ ಇದು ನಡೆಯುವುದಿಲ್ಲ, ತಳ್ಳುವ ಪಂಪ್ ಟ್ಯಾಂಕಿನಲ್ಲೇ ಉಳಿಯುತ್ತದಲ್ಲ. ಅಲ್ಲಿ ಫಿಲ್ಟರಿಗೆ ಬರುವ ಪೈಪಿಗೆ ಗೇಜ್ ಹಾಕಿ, ತೊಂದರೆ ಬರುವ ಹೊತ್ತಿಗೆ ಒತ್ತಡ ಬೀಳುತ್ತದೆಯೇ ಅಂತ ನೋಡಬೇಕು. ಎಷ್ಟಿರಬೇಕು ಅನ್ನುವುದು ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಕ್ಯಾನಿನ ಜೊತೆ ನಾನು ಮಾಡುವ ಇನ್ನೊಂದು ಪರೀಕ್ಷೆ ಪಾರದರ್ಶಕ ಪೈಪಿನದ್ದು. ಫಿಲ್ಟರಿಗೆ ಬರುವ ಕಡೆ ಒಂದು ಗೇಣು ಉದ್ದ ಪಾರದರ್ಶಕ ಪೈಪ್ ಸೇರಿಸಿ, ಎಂಜಿನ್ ಓಡಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಶುರುವಿಗೆ ನಾಲ್ಕೈದು ಗುಳ್ಳೆ ಬಂದು ನಿಂತರೆ ಚಿಂತೆ ಇಲ್ಲ. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಡೀಸೆಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೊರೆ, ರಿಟರ್ನ್ ಪೈಪ್ ನೋಡಿ. ಗುಳ್ಳೆಯೇ ಇಲ್ಲ, ಪೈಪ್ ಮಾತ್ರ ಒಳಕ್ಕೆ ಸೆಳೆದು ಚಪ್ಪಟೆಯಾಗುತ್ತಿದ್ದರೆ ಹಿಂದೆ ಎಲ್ಲೋ ಕಟ್ಟಿದೆ. ಒಂದು ಗೇಣು ಪೈಪ್ ಇಷ್ಟೆಲ್ಲ ಹೇಳುತ್ತದೆ.

ಬೆಳಿಗ್ಗೆ ಮಾತ್ರ ಹಠ

ರಾತ್ರಿ ನಿಲ್ಲಿಸಿದ ಮೇಲೆ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಇಳಿಯಬೇಕಾದರೆ ಮೇಲಿಂದ ಎಲ್ಲೋ ಗಾಳಿ ಸೇರಬೇಕು. ಸ್ಟ್ರಾದ ಮೇಲಿನ ತುದಿಗೆ ಬೆರಳಿಟ್ಟರೆ ನೀರು ನಿಲ್ಲುತ್ತದೆ, ಬೆರಳು ತೆಗೆದರೆ ಇಳಿಯುತ್ತದೆ ಅಲ್ವಾ, ಹಾಗೆ. ಪಾರದರ್ಶಕ ಪೈಪನ್ನು ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಖಾಲಿಯಾಗಿದ್ದರೆ ಖಚಿತ.

ಜಾಗ ಹುಡುಕುವಾಗ ನೀವು ಬಿಚ್ಚಿ ಹಾಕಿದ ಜೋಡಣೆಗಳಿಂದಲೇ ಶುರು ಮಾಡಿ. ಒತ್ತಿ ಸಿಕ್ಕಿಸುವ ಕ್ವಿಕ್ ಕನೆಕ್ಟರಿನ ಒಳಗಿನ ಓ ರಿಂಗ್ (ರಬ್ಬರ್ ಬಳೆ) ಹಳೆಯದಾಗಿದ್ದರೆ ಬಿಚ್ಚಿ ಹಾಕಿದಾಗ ಸೀಳುತ್ತದೆ. ಡೀಸೆಲ್ ಹೊರಗೆ ತೊಟ್ಟಿಕ್ಕದಷ್ಟು ಸಣ್ಣ ಸೀಳು ಗಾಳಿಗೆ ಹೆಬ್ಬಾಗಿಲು. ಹೊರಗೆ ಒದ್ದೆ ಇಲ್ಲ, ಹಾಗಾಗಿ ಲೀಕ್ ಇಲ್ಲ ಅನ್ನುವ ವಾದ ಎಳೆಯುವ ಪೈಪಿಗೆ ನಡೆಯುವುದಿಲ್ಲ. ಪೈಪನ್ನು ಎರಡೂ ಕಡೆ ಬಿಚ್ಚಿ, ಒಂದು ತುದಿ ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಒಂದು ಬಾರಿನಷ್ಟು ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿ. ಟ್ಯಾಂಕಿಗೆ ಮಾತ್ರ ಕಂಪ್ರೆಸರ್ ಗಾಳಿ ಕೊಡಬೇಡಿ. 0.2 ಬಾರ್ ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ಒಂದು ಚದರ ಮೀಟರ್ ಗೋಡೆಯ ಮೇಲೆ ಅದು ಎರಡು ಟನ್ ತಳ್ಳಿದ ಹಾಗೆ.

ಕಸ

ಕಾದರೆ ಸರಿಹೋಗುತ್ತದೆ, ಆದರೆ ಮುಚ್ಚಳ ತೆಗೆದಾಗ ಉಸ್ಸ್ ಅನ್ನುವುದಿಲ್ಲ. ಇದು ಕಸದ ಗುರುತು. ಎಂಜಿನ್ ಎಳೆಯುವಾಗ ಕಸ ಬಂದು ಎಳೆಯುವ ಪೈಪಿನ ತುದಿಯ ಜಾಲರಿಗೆ ಅಂಟುತ್ತದೆ. ನಿಲ್ಲಿಸಿದರೆ ಕಳಚಿ ಬೀಳುತ್ತದೆ. ಹೊಸ ಟ್ಯಾಂಕಿನಲ್ಲಿ ಕಸ ಎಲ್ಲಿಂದ ಬಂತು ಅಂತ ಕೇಳಬೇಡಿ. ಸೆಂಡರಿಗೆ ತೂತು ಕೊರೆದಾಗ ಬಿದ್ದ ಪ್ಲಾಸ್ಟಿಕ್ ಸುರುಳಿ, ಲೋಹದ ಟ್ಯಾಂಕಾದರೆ ವೆಲ್ಡಿಂಗಿನ ಚೂರು. ನನ್ನ ಹಳೇ ಫಿಲ್ಟರ್ ಕೊಯ್ದು ನೋಡಿದಾಗ ಕಾಗದದ ಮಡಿಕೆಗಳ ನಡುವೆ ಬಿಳಿ ಸುರುಳಿಗಳಿದ್ದವು, ತೆಂಗಿನಕಾಯಿ ತುರಿಯ ಹಾಗೆ. ಟ್ಯಾಂಕ್ ಏರಿಸುವ ಮೊದಲು ಒಳಗೆ ಕೈ ಹಾಕಿ ಬಟ್ಟೆಯಲ್ಲಿ ಒರೆಸಬೇಕು, ಸುಮ್ನೆ ತಿರುಗಿಸಿ ಕೊಡವಿದರೆ ಸಾಲದು. ಏರಿಸಿದ ಮೇಲೆ ಮೊದಲ ಫಿಲ್ಟರನ್ನು ಬೇಗ ಬದಲಿಸಿ.

ಲೋಹದ ಟ್ಯಾಂಕ್ ಮಾಡಿಸುವವರಿಗೆ ಒಂದು ಮಾತು: ಒಳಗೆ ಸತುವಿನ ಲೇಪ ಬೇಡ, ತಾಮ್ರದ ಪೈಪೂ ಬೇಡ. ಎರಡೂ ಡೀಸೆಲ್ಲಿಗೆ ಆಗಿಬರುವುದಿಲ್ಲ, ಅಂಟು ಅಂಟಾದ ಗಸಿ ಕಟ್ಟುತ್ತದೆ.

ಡೀಸೆಲ್ಲಿನಲ್ಲಿ ನೀರಿದೆ ಅಂತ ಎಚ್ಚರಿಸುವ ದೀಪ ಪದೇಪದೇ ಹತ್ತುತ್ತಿದ್ದರೆ ಫಿಲ್ಟರಿನ ಕೆಳಗಿನ ನಟ್ ಬಿಚ್ಚಿ ಒಂದು ಲೋಟಕ್ಕೆ ಬಸಿಯಿರಿ. ದೊಡ್ಡ ಟ್ಯಾಂಕನ್ನು ಅರ್ಧ ಖಾಲಿ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಖಾಲಿ ಜಾಗದ ಗಾಳಿಯ ತೇವ ನೀರಾಗಿ ತಳಕ್ಕೆ ಸೇರುತ್ತದೆ. ನೀರು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ.

ತುಂಬಿಸುವಾಗ ನಾಜಲ್ ಟಕ್ ಟಕ್

ಬಂಕಿನ ನಾಜಲಿನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಅದನ್ನು ಮುಚ್ಚಿದ ಕೂಡಲೇ ನಾಜಲ್ ನಿಲ್ಲುತ್ತದೆ. ನೊರೆ ಮುಚ್ಚಿದರೂ ಅಷ್ಟೇ. ಹೊಸ ಟ್ಯಾಂಕಿನ ಬಾಯಿ ಮೊದಲಿಗಿಂತ ಮೇಲಿದ್ದರೆ ತುಂಬುವ ಪೈಪಿನ ಇಳಿಜಾರು ಕಡಿಮೆಯಾಗಿ, ಡೀಸೆಲ್ ಅಲ್ಲೇ ನಿಂತು ಹಿಂದಕ್ಕೆ ಒದೆಯುತ್ತದೆ. ಪೈಪ್ ಜೋತಿದ್ದರೆ ಇನ್ನೂ ಮಜಾ. ಅದರ ಪಕ್ಕದಲ್ಲಿ ಗಾಳಿ ಹೊರಬರುವ ಸಣ್ಣ ಪೈಪ್ ಇರುತ್ತದೆ. ಅದು ಮಡಚಿದ್ದರೂ ಇದೇ ಕತೆ. ಪೈಪ್ ಗಿಡ್ಡ ಮಾಡಿ, ಮೊಣಕೈ ಕಡಿಮೆ ಮಾಡಿ, ಇಳಿಜಾರು ಕೊಡಿ.

ಕುತ್ತಿಗೆಯವರೆಗೆ ತುಂಬಿಸುವ ಚಟವನ್ನೂ ಬಿಡಿ. 100 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಒಂದೂವರೆ ಲೀಟರಿಗಿಂತ ಜಾಸ್ತಿ ಉಬ್ಬುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಕೆಳಗೆ ಕಾಣುವ ಒದ್ದೆ ಎಷ್ಟೋ ಸಲ ಲೀಕ್ ಅಲ್ಲ, ಇದೇ. ಟ್ಯಾಂಕ್ ಮುಕ್ಕಾಲಿದ್ದಾಗ ಒಣಗಿದ್ದು, ಸಮತಟ್ಟಿನ ನೆರಳಿನಲ್ಲಿ ತುಂಬಿದಾಗ ಮಾತ್ರ ಒದ್ದೆಯಾದರೆ ಸೆಂಡರಿನ ಸೀಲ್ ನೋಡಿ.

ಮುಳ್ಳು ಸುಳ್ಳು ಹೇಳುತ್ತಿದೆ

ಸೆಂಡರ್ ಅಂದರೆ ತೇಲುವ ಗುಂಡಿನ ತೋಳು, ಅದರ ಬುಡದಲ್ಲಿ ಬದಲಾಗುವ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ, ಅದರ ಅಳತೆ ಓಮ್). ಮೀಟರ್ ಓದುವುದು ಆ ಓಮ್ ಲೆಕ್ಕವನ್ನು. ಹೊರಗಡೆ ಸಿಗುವ ಸೆಂಡರುಗಳಲ್ಲಿ ಒಂದು ಜಾತಿ ಖಾಲಿ ಇದ್ದಾಗ 240 ಓಮ್, ತುಂಬಿದಾಗ 33 ತೋರಿಸುತ್ತದೆ. ಇನ್ನೊಂದು ಜಾತಿ ಖಾಲಿಗೆ 10, ತುಂಬಿದಾಗ 180. ಒಂದು ಇಳಿಯುತ್ತದೆ, ಒಂದು ಏರುತ್ತದೆ. ಟ್ಯಾಂಕ್ ಜೊತೆ ಬಂದ ಸೆಂಡರ್ ನಿಮ್ಮ ಮೀಟರಿಗೆ ಒಗ್ಗದಿದ್ದರೆ ತುಂಬಿಸಿದಷ್ಟೂ ಮುಳ್ಳು ಇಳಿಯುವ ವಿಚಿತ್ರ ನೋಡಬಹುದು. ಸೆಂಡರ್ ಹೊರತೆಗೆದು, ಮಲ್ಟಿಮೀಟರ್ ಹಿಡಿದು ತೋಳನ್ನು ನಿಧಾನ ಎತ್ತಿ. ಅಂಕಿ ನಯವಾಗಿ ಬದಲಾಗಬೇಕು. ನಡುವೆ ಹಾರಿದರೆ ಒಳಗಿನ ಪಟ್ಟಿ ಸವೆದಿದೆ.

ಹಳೇ ಸೆಂಡರನ್ನೇ ಎತ್ತರದ ಟ್ಯಾಂಕಿಗೆ ಹಾಕಿದ್ದರೆ ಮುಳ್ಳು ಬಹಳ ದೂರ ಫುಲ್ಲಿನಲ್ಲೇ ಕೂತಿದ್ದು ಆಮೇಲೆ ಸರಸರ ಇಳಿಯುತ್ತದೆ. ತೋಳು ಅದರ ಮೇಲಿನ ಮಿತಿಗೆ ಮೊದಲೇ ಮುಟ್ಟಿರುತ್ತದೆ. ಇದು ದೋಷವಲ್ಲ, ತೋಳಿನ ಅಳತೆ ಸಾಲದು ಅಷ್ಟೇ. ಸೆಂಡರಿನ ಸಿಗ್ನಲ್ ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಅನ್ನುವ ಕೋಡ್, ಅಂದರೆ ಪಿ0462 ಅಥವಾ ಪಿ0463, ಬಂದಿದ್ದರೆ ಮಾತ್ರ ವೈರ್ ಕಡೆ ಹೋಗಿ. ಟ್ಯಾಂಕ್ ಏರಿಸುವಾಗ ಚಾಸಿಗೆ ಸಿಕ್ಕಿ ವೈರ್ ಜಜ್ಜಿರುತ್ತದೆ, ಇಲ್ಲವೇ ಅರ್ತ್ ಸಡಿಲವಾಗಿರುತ್ತದೆ. ಇನ್ನೆಷ್ಟು ದೂರ ಓಡುತ್ತದೆ ಅಂತ ಪರದೆಯಲ್ಲಿ ಬರುವ ಅಂಕಿ ಹಳೇ ಟ್ಯಾಂಕಿನ ಲೆಕ್ಕದ್ದು. ಕೆಲವು ಗಾಡಿಗಳಲ್ಲಿ ಅದನ್ನು ಸ್ಕ್ಯಾನರಿನಿಂದ ತಿದ್ದಬಹುದು. ಪಂಪ್ ಒಣಗದಿರಲಿ ಅಂತ, ಸೆಂಡರ್ ಖಾಲಿ ಅಂದ ಕೂಡಲೇ ಎಂಜಿನ್ನಿನ ಶಕ್ತಿ ತಗ್ಗಿಸುವ ಗಾಡಿಗಳೂ ಇವೆ. ಅಂಥದರಲ್ಲಿ ಸುಳ್ಳು ಹೇಳುವ ಸೆಂಡರೇ ಗಾಡಿ ನಿಲ್ಲಿಸಬಹುದು.

ಬ್ರೇಕ್ ಒತ್ತಿದಾಗ ಹಿಂದಿನಿಂದ "ದಡಂ" ಅಂದರೆ ಒಳಗೆ ಡೀಸೆಲ್ ಅಪ್ಪಳಿಸುತ್ತಿದೆ, ಇಲ್ಲವೇ ಪಟ್ಟಿ ಸಡಿಲವಾಗಿದೆ. ಫುಲ್ ಟ್ಯಾಂಕಿನಲ್ಲೂ ಸದ್ದು ಬಂದರೆ ಪಟ್ಟಿಯೇ. ಮೊದಲ ಎರಡು ಫುಲ್ ಟ್ಯಾಂಕ್ ಆದ ಮೇಲೆ ಪಟ್ಟಿಯ ನಟ್ಟುಗಳನ್ನು ಮತ್ತೆ ನೋಡಿ. ಹಾಗೇ ಬಗ್ಗಿದಾಗ ಟ್ಯಾಂಕಿಗೂ ಸೈಲೆನ್ಸರ್ ಪೈಪಿಗೂ ನಡುವಿನ ಶಾಖದ ತಗಡು ವಾಪಸ್ ಹಾಕಿದ್ದೀರಾ ಅಂತಲೂ ನೋಡಿ. ನನ್ನದು ಶೆಡ್ಡಿನ ಮೂಲೆಯಲ್ಲಿ ಸಿಕ್ಕಿತು.

ಎಲ್ಲ ಸರಿಯಾದ ಮೇಲೆ ಮುಳ್ಳಿನ ಲೆಕ್ಕ ನೀವೇ ಬರೆದಿಡಿ. ಪೂರ್ತಿ ಬಸಿದ ಟ್ಯಾಂಕಿಗೆ 10 ಲೀಟರ್ ಹಾಕುವುದು, ಕೀ ಆನ್ ಮಾಡಿ ಮುಳ್ಳು ನೋಡುವುದು, ಮತ್ತೆ 10 ಲೀಟರ್. ಮುಳ್ಳು ನಿಧಾನ ಏರುತ್ತದೆ, ಪ್ರತಿ ಸಲ ಒಂದೆರಡು ನಿಮಿಷ ಕಾಯಿರಿ. ಗಾಡಿ ಸಮತಟ್ಟಾಗಿ ನಿಂತಿರಲಿ. ನನ್ನ ಗಾಡಿಯ ಬಿಸಿಲು ಪಟ್ಟಿಯ ಹಿಂದೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ಮುಳ್ಳು ಕೆಂಪಿನ ಗೆರೆಗೆ ಬಂದಾಗ 20, ಕಾಲಿನಲ್ಲಿ 40, ಅರ್ಧದಲ್ಲಿ 70, ಫುಲ್ ತೋರಿಸಲು ಶುರು ಮಾಡುವುದು 120ಕ್ಕೆ. ಏರು ಇರುವ ದಾರಿಯಲ್ಲಿ 20ಕ್ಕೆ ಇಳಿಸಿ ಎರಡು ಸಲ ಓಡಿಸಿ ನೋಡಿದೆ. ಜಗ್ಗಲಿಲ್ಲ.